ಎಡಗಡೆ ಸೀಟಿನ ಕೆಲಸ

ತರೀಕೆರೆಯ ಡ್ರೈವಿಂಗ್ ಸ್ಕೂಲಿನಲ್ಲಿ ನಾನು ಕೂರುತ್ತಿದ್ದ ಎಡಗಡೆ ಸೀಟಿಗೆ ಈಗ ಚೈತ್ರಾ ಎಂಬ ಹುಡುಗಿ ಬಂದಿದ್ದಾಳೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಮನೆಗೆ ಬಂದು, "ಮೇಡಂ, ಕಲಿಯೋರು ಗಾಡೀನ ಗೋಡೆಗೆ ಬಿಟ್ರೆ ತುಳಿಯಕ್ಕೆ ನನ್ನ ಕಾಲ ಹತ್ರ ಬ್ರೇಕಿದೆ. ಅವರು ಕೂತಲ್ಲೇ ಅಳಕ್ಕೆ ಶುರು ಮಾಡಿದ್ರೆ ಏನ್ ತುಳಿಯೋದು?" ಎಂದು ಕೇಳಿದಳು. ಇಬ್ಬರೂ ನಕ್ಕೆವು. ಅವಳು ಹೋದ ಮೇಲೆ, ಅವಳಿಗೆ ಹೇಳಬೇಕಾದ್ದು ಬಹಳ ಇತ್ತು, ಹೇಳಲಿಲ್ಲ ಅನ್ನಿಸಿತು. ಬಾಯಲ್ಲಿ ಹೇಳಿದರೆ ಅಲ್ಲಲ್ಲಿ ತಪ್ಪಿಹೋಗುತ್ತದೆ ಎಂದು ಬರೆಯುತ್ತಿದ್ದೇನೆ.

ನಾನು ಆ ಸ್ಕೂಲಿಗೆ ಸೇರಿದ್ದು ಆಫೀಸಿನಲ್ಲಿ ಅರ್ಜಿ ತುಂಬುವ ಕೆಲಸಕ್ಕೆ. ಹೆಂಗಸರು ಬಾಗಿಲವರೆಗೆ ಬಂದು, "ಹೇಳ್ಕೊಡೋರು ಗಂಡಸರಾ?" ಎಂದು ಕೇಳಿ ವಾಪಸು ಹೋಗುತ್ತಿದ್ದರು. ಹಾಗೆ ಹೋದವರನ್ನು ನೋಡಿ ನೋಡಿ ನಮ್ಮ ಯಜಮಾನರು ಹಾಲಪ್ಪನವರು ಒಂದು ದಿನ, "ಕಮಲಮ್ಮ, ಎದ್ದು ಬಾರಮ್ಮ. ನಿಂಗೇ ಕಲಿಸ್ಬಿಡ್ತೀನಿ, ನೀನು ಅವರಿಗೆ ಕಲ್ಸು" ಎಂದರು.

ಹಾಲಪ್ಪನವರು ಮೊದಲು ಲಾರಿ ಓಡಿಸುತ್ತಿದ್ದವರು. ಇಂಜಿನ್ನಿನ ಸದ್ದನ್ನು ಮೀರಿ ಮಾತಾಡಿ ರೂಢಿಯಾದ ಗಂಟಲು ಅವರದು. ಪಕ್ಕದಲ್ಲಿ ಕೂತವರಿಗೂ ಆಚೆ ಬೀದಿಯವರಿಗೂ ಒಂದೇ ಸಮ ಕೇಳುತ್ತಿತ್ತು. ಮೊದಲ ಕೆಲವು ದಿನ ಗಾಡಿ ಸ್ಟಾರ್ಟ್ ಮಾಡಲೇ ಬಿಡಲಿಲ್ಲ. ಸತ್ತ ಗಾಡಿಯಲ್ಲಿ ಕೂತು ಕ್ಲಚ್ ಒತ್ತುವುದು, ಗೇರ್ ಹಾಕುವುದು, ಕಾಲು ಬಿಡುವುದು. ನನ್ನ ಕಣ್ಣು ಗೇರಿನ ಕಡೆ ಹೊರಳಿದರೆ, "ಊಟ ಮಾಡೋವಾಗ ಬಾಯಿ ಎಲ್ಲಿದೆ ಅಂತ ನೋಡ್ಕೊಂಡು ತುತ್ತು ಇಡ್ತೀಯಾ?" ಎನ್ನುವರು. ಅವರ ಕೂಗಾಟವನ್ನು ನಾನು ನನ್ನ ಹತ್ತಿರ ಕಲಿತವರಿಗೆ ದಾಟಿಸಲಿಲ್ಲ. ಈ ಒಂದು ಮಾತನ್ನು ಮಾತ್ರ ಕೊನೆಯವರೆಗೂ ಹೇಳುತ್ತಿದ್ದೆ.

ಕಲಿಸುವವರ ಕಾಲ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಆರಂಭದಲ್ಲಿ ನನ್ನ ಹತ್ತಿರ ಕಲಿಯುವವರ ಗಾಡಿ ಆಫ್ ಆಗುತ್ತಲೇ ಇರಲಿಲ್ಲ, ನನಗೆ ಅದು ದೊಡ್ಡ ಹೆಮ್ಮೆ. ಒಂದು ಬೆಳಿಗ್ಗೆ ಹಾಲಪ್ಪನವರು ಹಿಂದಿನ ಸೀಟಿನಲ್ಲಿ ಕೂತು ಅಮೃತಾಪುರದವರೆಗೆ ಬಂದರು. ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ, ನನಗೆ ಅದೇ ಭಯವಾಯಿತು. ವಾಪಸು ಬಂದವರೇ ಸ್ಪ್ಯಾನರ್ ತರಿಸಿ ನನ್ನ ಕಡೆಯ ಕ್ಲಚ್ ಪೆಡಲನ್ನು ಬಿಚ್ಚಿಹಾಕಿಸಿದರು.

"ಗಾಡಿ ಓಡಿಸ್ತಿದ್ದೋಳು ನೀನು ಕಣಮ್ಮ. ಆ ಹೆಣ್ಮಗು ಬರೀ ಸ್ಟೇರಿಂಗ್ ಹಿಡ್ಕೊಂಡು ಕೂತಿತ್ತು. ಬ್ರೇಕ್ ಇರ್ಲಿ, ಜೀವ ಉಳ್ಸಕ್ಕೆ ಬೇಕು. ಕ್ಲಚ್ ನಿಂಗೆ ಬೇಡ."

ನನ್ನ ಕಾಲು ನನಗೇ ತಿಳಿಯದಂತೆ ಕಲಿಯುವವರ ಕೆಲಸ ಮಾಡುತ್ತಿತ್ತು. ಮಾರನೇ ದಿನದಿಂದ ನನ್ನವರೆಲ್ಲರ ಗಾಡಿಯೂ ನಡುರಸ್ತೆಯಲ್ಲಿ ಆಫ್ ಆಗತೊಡಗಿತು. ಹಿಂದಿನವರು ಹಾರನ್ ಹೊಡೆದರು, ಹಣ್ಣಿನ ಗಾಡಿಯವರು ಬೈದರು. ಆದರೆ ಕಲಿತರು.

ಹೆಂಗಸರಿಗೆ ಕಲಿಸುತ್ತ ನನ್ನ ರೀತಿಯೂ ಬದಲಾಯಿತು. ಸರ್ಕಾರಿ ಆಸ್ಪತ್ರೆಯ ನರ್ಸೊಬ್ಬರು ಬರುತ್ತಿದ್ದರು. ಕ್ಲಚ್ ಎಲ್ಲಿ ಕಚ್ಚುತ್ತದೆ, ಅಂದರೆ ಕಾಲನ್ನು ಎಷ್ಟು ಬಿಟ್ಟಾಗ ಇಂಜಿನ್ನಿನ ಬಲ ಚಕ್ರಕ್ಕೆ ತಗಲುತ್ತದೆ ಎಂಬುದು ಅವರಿಗೆ ಹತ್ತುತ್ತಲೇ ಇರಲಿಲ್ಲ. ಕಾಲನ್ನು ಸರಕ್ಕನೆ ಬಿಡುವರು, ಗಾಡಿ ಕಪ್ಪೆಯಂತೆ ಕುಪ್ಪಳಿಸಿ ನಿಲ್ಲುವುದು. ಕೊನೆಗೊಂದು ದಿನ, "ಸಿಸ್ಟರ್, ಹಸುಗೂಸಿಗೆ ಸೂಜಿ ಚುಚ್ಚೋವಾಗ ನರ ಸಿಕ್ಕಿದ್ದು ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದೆ. "ಕಣ್ಣಿಗೆ ಕಾಣಲ್ಲ ಮೇಡಂ. ಬೆರಳಿಗೆ ಸಿಗುತ್ತೆ, ಅಲ್ಲೇ ಒಂಚೂರು ನಿಲ್ಲಿಸ್ತೀನಿ" ಎಂದರು. ಹಾಗೆ ಹೇಳಿದವರೇ ತಮ್ಮ ಕಾಲನ್ನು ನೋಡಿಕೊಂಡರು. ಆಮೇಲೆ ಅವರಿಗೆ ಹೆಚ್ಚು ಹೇಳಬೇಕಾಗಿ ಬರಲಿಲ್ಲ. ಅಂದಿನಿಂದ ಯಾರು ಬಂದರೂ ಮೊದಲು ಅವರು ಮಾಡುವ ಕೆಲಸವನ್ನು ಕೇಳಿ ತಿಳಿಯುತ್ತಿದ್ದೆ. ಹೊಲಿಯುವವರಿಗೆ ಮಿಷನ್ನಿನ ಪೆಡಲು ನೆನಪಿಸಿದರೆ ಸಾಕಿತ್ತು.

ಇಷ್ಟೆಲ್ಲ ತಿಳಿದುಕೊಂಡ ಮೇಲೂ ನನ್ನ ಲೆಕ್ಕ ತಪ್ಪಿಸಿದವರು ಗಿರಿಜಮ್ಮ ಮತ್ತು ಅವರ ಗಂಡ ಶಿವಣ್ಣ.

ಶಿವಣ್ಣ ಸ್ವಂತ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದವರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು, ಬೆಳಕು ನೆರಳು ಬಿಟ್ಟರೆ ಏನೂ ಕಾಣದಂತಾಗಿತ್ತು. ಗಿರಿಜಮ್ಮ ಮನೆಯಲ್ಲೇ ಹಪ್ಪಳ ಮಾಡಿ ಅಜ್ಜಂಪುರ, ಬೀರೂರು, ಕಡೂರಿನ ಅಂಗಡಿಗಳಿಗೆ ಕೊಡುತ್ತಿದ್ದರು. ಗಂಡನಿಗೆ ಕಣ್ಣಿರುವಷ್ಟು ದಿನ ಕಾರಿನಲ್ಲೇ ಸಾಗುತ್ತಿತ್ತು. ಆಮೇಲೆ ಬಸ್ಸಿಗೆ ಹಾಕಿದರು. ಬಸ್ಸಿನಲ್ಲಿ ಯಾರದೋ ಮೂಟೆ ಮೇಲೆ ಬಿದ್ದು ಅರ್ಧ ಹಪ್ಪಳ ಪುಡಿಯಾಗುತ್ತಿತ್ತು. ಅಂಗಡಿಯವರು ಒಬ್ಬೊಬ್ಬರೇ ಬೇಡ ಎನ್ನತೊಡಗಿದಾಗ ಗಿರಿಜಮ್ಮ ತಾವೇ ಕಾರು ಕಲಿಯಲು ನಿರ್ಧರಿಸಿದರು.

ಮೊದಲ ದಿನ ಇಬ್ಬರೂ ಬಂದರು. ಶಿವಣ್ಣ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು ನಡೆದು ಬಂದು, ನಮ್ಮ ಗಾಡಿಯ ಬಾನೆಟ್ಟನ್ನು ಎತ್ತಿನ ಬೆನ್ನು ಸವರುವಂತೆ ಸವರಿದರು. "ಮೇಡಂ, ನಾನು ಹಿಂದೆ ಕೂತ್ಕೊಂಡು ಬತ್ತೀನಿ. ಬಾಯಿ ಬಿಡಲ್ಲ" ಎಂದರು.

ಬೀದಿಯ ತಿರುವು ಬರುವಷ್ಟರಲ್ಲಿ ಬಾಯಿ ಬಿಟ್ಟರು.

"ಎರಡಕ್ಕೆ ಹಾಕು ಕಣೇ. ಇಂಜಿನ್ ಕೂಗ್ತೈತೆ, ಕೇಳ್ಸಲ್ವಾ? ಹಾಂ, ಈಗ ಕಾಲು ಬಿಡು. ಮೆಲ್ಲಗೆ. ಇನ್ನೂ ಮೆಲ್ಲಗೆ."

ಗಿರಿಜಮ್ಮ ಹಾಕಿದರು. ಗಾಡಿ ನೀರಿನ ಮೇಲೆ ಹೋದಂತೆ ಹೋಯಿತು.

ನಾನು ತಡೆಯಬೇಕಿತ್ತು ಎಂದು ಈಗ ಸುಲಭವಾಗಿ ಹೇಳಬಹುದು. ಆದರೆ ಅವರು ಹೇಳಿದ್ದರಲ್ಲಿ ಒಂದೂ ತಪ್ಪಿರುತ್ತಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರ ಕಿವಿಗೆ ಇಂಜಿನ್ ಹೇಳಿಬಿಟ್ಟಿರುತ್ತಿತ್ತು. ಎದುರಿನ ದನ, ಸೈಕಲ್ಲು, ತಿರುವು ನನ್ನ ಪಾಲು. ಗೇರು ಅವರ ಪಾಲು. ಹೀಗೆ ಗಿರಿಜಮ್ಮನವರಷ್ಟು ಬೇಗ ಟಾಪ್ ಗೇರಿಗೆ ಬಂದವರು ನನ್ನ ಕೈಕೆಳಗೆ ಬೇರೆ ಯಾರೂ ಇರಲಿಲ್ಲ. ಹಾಲಪ್ಪನವರೂ ಆಫೀಸಿನ ಕಿಟಕಿಯಿಂದ ನೋಡಿ, "ಈಯಮ್ಮ ಹುಟ್ಟಾ ಡ್ರೈವರ್ರು" ಎಂದಿದ್ದರು.

ಒಂದು ದಿನ ಶಿವಣ್ಣನಿಗೆ ಜ್ವರ. ಗಿರಿಜಮ್ಮ ಒಬ್ಬರೇ ಬಂದರು. ಅಮೃತಾಪುರದ ದಾರಿ, ಬೆಳಗಿನ ಹೊತ್ತು, ರಸ್ತೆ ಖಾಲಿ. ಎರಡನೇ ಗೇರಿನಲ್ಲಿ ಗಾಡಿ ಕಿರುಚುತ್ತಿದೆ, ಅವರು ಮೂರಕ್ಕೆ ಹಾಕುತ್ತಿಲ್ಲ. ನಾನು ಕಾದೆ. ಅವರೂ ಕಾಯುತ್ತಿದ್ದರು. ಕೊನೆಗೆ ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿ, ಸ್ಟೇರಿಂಗ್ ಮೇಲೆ ಎರಡೂ ಕೈಯಿಟ್ಟುಕೊಂಡು ಹೇಳಿದರು.

"ಮೇಡಂ, ನಂಗೆ ಏನೂ ಕೇಳಿಸ್ತಿಲ್ಲ. ಇಂಜಿನ್ ಸದ್ದು ಕಿವಿಗೆ ಬೀಳುತ್ತೆ, ಅದು ಏನು ಹೇಳ್ತೈತೆ ಅಂತ ಗೊತ್ತಾಗಲ್ಲ. ಇಷ್ಟು ದಿನ ಅವರ ಮಾತೇ ಕೇಳ್ತಿದ್ದೆ."

ಲೈಸೆನ್ಸ್ ಪರೀಕ್ಷೆಯ ದಿನ ಬ್ರೇಕ್ ಇನ್ಸ್‌ಪೆಕ್ಟರ್ ಜೊತೆಗೆ ಗಂಡ ಕೂರುವಂತಿಲ್ಲ. "ನಾಳೆಯಿಂದ ಶಿವಣ್ಣನವರು ಬರೋದು ಬೇಡ. ಮನೇಲಿ ನೀವೇ ಹೇಳಿ" ಎಂದೆ. ಗಿರಿಜಮ್ಮ ಸ್ಟೇರಿಂಗ್ ಮೇಲಿನ ಕೈ ತೆಗೆದು ನನ್ನ ಕಡೆ ತಿರುಗಿದರು.

"ಕಣ್ಣು ಹೋದ್ಮೇಲೆ ಅವರು ಮನೇಲಿ ಮಾತು ನಿಲ್ಲಿಸ್ಬಿಟ್ಟಿದ್ರು ಮೇಡಂ. ಊಟ ಮಾಡಿ ಅಂದ್ರೆ ಮಾಡೋರು, ಮಲಗಿ ಅಂದ್ರೆ ಮಲಗೋರು. ಒಂದು ಬೈಗಳಾದ್ರೂ ಬೈಲಿ ಅಂತ ಕಾಯ್ತಿದ್ದೆ. ಈ ಗಾಡಿ ಹತ್ತಿದ್ಮೇಲೆ ಮಾತು ಬಂದೈತೆ. ಮನೆಗೆ ಹೋದ್ಮೇಲೂ ಅದೇ ಮಾತು, ಅಲ್ಲಿ ಹಂಗೆ ಮಾಡ್ಬೇಕಿತ್ತು, ಇಲ್ಲಿ ಹಿಂಗೆ ಮಾಡ್ಬೇಕಿತ್ತು ಅಂತ. ನಾನು ಹೆಂಗೆ ಹೇಳ್ಲಿ, ನೀವು ಸುಮ್ನಿರಿ ಅಂತ?"

ಹೇಳುವ ಕೆಲಸ ನನ್ನ ತಲೆಗೆ ಬಂತು. ಸಂಜೆ ಅವರ ಮನೆಗೆ ಹೋದೆ. ಶಿವಣ್ಣ ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ಹಪ್ಪಳದ ಹಿಟ್ಟಿನ ಉಂಡೆ ಕಟ್ಟುತ್ತಿದ್ದರು. ಜ್ವರ ಬಿಟ್ಟಿತ್ತು. ವಿಷಯ ಹೇಳಿದೆ.

"ನಾನು ಹೇಳೋದು ತಪ್ಪಿರ್ತಿತ್ತಾ ಮೇಡಂ?"

"ಇಲ್ಲ ಶಿವಣ್ಣ. ಸರಿ ಇರುತ್ತೆ. ಅದೇ ತೊಂದರೆ ಆಗಿರೋದು. ನೀವು ಸರಿಯಾಗಿ ಹೇಳ್ತಿರೋ ತನಕ ಅವರು ಇಂಜಿನ್ ಕಡೆ ಕಿವಿ ಕೊಡಲ್ಲ."

ಕೈಯಲ್ಲಿದ್ದ ಉಂಡೆಯನ್ನು ತಟ್ಟೆಯಲ್ಲಿಟ್ಟು, "ಆಯ್ತು ಬಿಡಿ" ಎಂದರು. ಅಷ್ಟೇ. ಗಿರಿಜಮ್ಮ ಅಡುಗೆ ಮನೆ ಬಾಗಿಲಲ್ಲಿ ನಿಂತಿದ್ದರು, ಒಳಕ್ಕೆ ಹೋದರು. ನಾನು ಎದ್ದು ಬಂದೆ. ಹೇಳಿದ್ದು ಸರಿ ಎಂದು ಗೊತ್ತಿತ್ತು, ಆದರೂ ದಾರಿಯಲ್ಲಿ ನಡೆಯುತ್ತಾ ಸಮಾಧಾನವಿರಲಿಲ್ಲ.

ಆಮೇಲಿನ ದಿನಗಳಲ್ಲಿ ಗಿರಿಜಮ್ಮ ಒಬ್ಬರೇ ಬಂದರು, ದಿನದಿಂದ ದಿನಕ್ಕೆ ಕೆಟ್ಟದಾಗಿ ಓಡಿಸಿದರು. ಸುಲಭದ ರಸ್ತೆಯಲ್ಲೂ ಗಾಡಿ ಆಫ್ ಆಗುವುದು. ಕೇಳಿದರೆ, "ಮನೇಲಿ ಮತ್ತೆ ಮೊದ್ಲಿನ ಹಂಗೇ ಆಗಿದಾರೆ" ಎಂದರು. ಒಂದು ದಿನ ಬರಲೇ ಇಲ್ಲ. ಮರುದಿನವೂ ಬರಲಿಲ್ಲ. ಕಾರನ್ನು ಮಾರಲು ಮಾತಾಡುತ್ತಿದ್ದಾರೆ ಎಂದು ಯಾರೋ ಹೇಳಿದರು. ಕಲಿಯುವುದನ್ನು ಅರ್ಧಕ್ಕೆ ಬಿಟ್ಟವರನ್ನು ಬಹಳ ಜನರನ್ನು ನೋಡಿದ್ದೇನೆ, ಆದರೆ ಅವರು ಯಾರೂ ನನ್ನ ಮಾತಿನಿಂದ ಬಿಟ್ಟವರಲ್ಲ. ಮನೆಗೆ ಹೋಗಿ ಮತ್ತೆ ಮಾತಾಡಲೋ ಬೇಡವೋ ಎಂದು ತೂಗುತ್ತಿದ್ದೆ.

ಅಷ್ಟರಲ್ಲಿ ಒಂದು ಮಧ್ಯಾಹ್ನ ಸ್ಕೂಲಿನ ಮುಂದೆ ಆಟೋ ನಿಂತಿತು. ಡ್ರೈವರ್ ಕೈಹಿಡಿದು ಇಳಿಸಿದ್ದು ಶಿವಣ್ಣನನ್ನು. ಒಬ್ಬರೇ ಬಂದಿದ್ದರು. ಕುರ್ಚಿ ಕೊಟ್ಟರೆ ಕೂರಲಿಲ್ಲ.

"ಮೇಡಂ, ಇವತ್ತು ಬೆಳಿಗ್ಗೆ ನಮ್ಮ ಗಾಡಿ ನೋಡಕ್ಕೆ ಒಬ್ರು ಬಂದಿದ್ರು. ಸ್ಟಾರ್ಟ್ ಮಾಡಿ ಬೀದಿ ಕೊನೆವರೆಗೂ ಓಡಿಸ್ಕೊಂಡು ಹೋಗಿ ಬಂದ್ರು. ಗೇರು ಹಲ್ಲು ಕಡಿದಂಗೆ ಹಾಕಿದ್ರು. ಗಿರಿಜ ನನ್ನ ಪಕ್ಕ ನಿಂತಿದ್ಲು, 'ಕ್ಲಚ್ ಪೂರ್ತಿ ಒತ್ತಿಲ್ಲ ಆಯಪ್ಪ' ಅಂದ್ಲು. ನಾನು ಹೇಳ್ಲಿಲ್ಲ, ಅವಳೇ ಅಂದ್ಲು. ಅವಳಿಗೆ ಕೇಳಿಸ್ತೈತೆ ಮೇಡಂ. ಗಾಡಿ ಮಾರಲ್ಲ ಅಂತ ಕಳಿಸ್ಬಿಟ್ಟೆ."

"ಒಳ್ಳೇದಾಯ್ತು. ನಾಳೆಯಿಂದ ಕಳಿಸಿ" ಎಂದೆ.

"ನಾನೂ ಬತ್ತೀನಿ. ತಡೀರಿ, ಪೂರ್ತಿ ಕೇಳಿ. ಲೈಸೆನ್ಸ್ ಸಿಕ್ಕಿದ್ಮೇಲೂ ಅವಳ ಪಕ್ಕ ಕೂರೋನು ನಾನೇ ತಾನೇ? ಆಗ ನಂಗೆ ಯಾರು ಹೇಳ್ಕೊಡ್ತಾರೆ? ಓಡಿಸೋದು ಅವಳು ಕಲೀಲಿ, ಕೂರೋದು ನಾನು ಕಲೀತೀನಿ."

ಇಷ್ಟು ವರ್ಷದಲ್ಲಿ ಗಾಡಿಯಲ್ಲಿ ಕೂರುವುದನ್ನು ಕಲಿಯುತ್ತೇನೆ ಎಂದು ನನ್ನ ಹತ್ತಿರ ಬಂದವರು ಅವರೊಬ್ಬರೇ. ನಾನು ಒಪ್ಪಿದೆ.

ಮರುದಿನ ಲಿಂಗದಹಳ್ಳಿಯ ಕಡೆ ಹೊರಟೆವು. ಹತ್ತುವ ಮೊದಲು ಶಿವಣ್ಣ ಜೇಬಿನಿಂದ ಪೊಟ್ಟಣ ತೆಗೆದು ಬಾಯಿ ತುಂಬ ಎಲೆ ಅಡಿಕೆ ತುರುಕಿಕೊಂಡರು. ಕೆನ್ನೆ ಉಬ್ಬಿತು. ಇದು ಅವರು ತಾವೇ ಕಂಡುಕೊಂಡ ಉಪಾಯ. ಗಿರಿಜಮ್ಮ ಕನ್ನಡಿಯಲ್ಲಿ ನೋಡಿ ನಕ್ಕರು, ಎಷ್ಟೋ ದಿನದ ಮೇಲೆ.

ಊರು ದಾಟಿ ಏರು ಶುರುವಾದ ಮೇಲೆ ಎದುರಿಗೆ ಟ್ರ್ಯಾಕ್ಟರ್ ಬಂತು. ಗಿರಿಜಮ್ಮ ನಿಲ್ಲಿಸಿದರು. ಅದು ಹೋದ ಮೇಲೆ ಹೊರಡಬೇಕು, ಹಿಂದೆ ಬಸ್ಸು ಬಂದು ನಿಂತಿದೆ. ಏರಿನಲ್ಲಿ ನಿಂತ ಗಾಡಿಯನ್ನು ಹಿಂದಕ್ಕೆ ಜಾರದಂತೆ ಹೊರಡಿಸುವುದು ಕಲಿಯುವವರಿಗೆಲ್ಲ ಕಷ್ಟ. ಕ್ಲಚ್ಚನ್ನು ಬೇಗ ಬಿಟ್ಟರು, ಗಾಡಿ ಆಫ್ ಆಯಿತು. ಹಿಂದಕ್ಕೆ ಜಾರಿತು. ಬಸ್ಸಿನವನು ಹಾರನ್ ಒತ್ತಿ ಹಿಡಿದ. ನನ್ನ ಕಾಲು ಬ್ರೇಕಿನ ಮೇಲೆಯೇ ಇತ್ತು, ಇನ್ನೊಂದು ಗೇಣು ಜಾರಿದ್ದರೆ ತುಳಿಯುತ್ತಿದ್ದೆ. ಅಷ್ಟರಲ್ಲಿ ಗಿರಿಜಮ್ಮ ಹ್ಯಾಂಡ್ ಬ್ರೇಕ್ ಎಳೆದರು.

ನಾನು ತಿರುಗಿ ನೋಡಿದೆ. ಶಿವಣ್ಣ ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಬಾಯಿ ಅಲುಗುತ್ತಿರಲಿಲ್ಲ. ಹಣೆಯ ಮೇಲೆ ಬೆವರು. ಬೇಕಾದರೆ ಎಲೆ ಅಡಿಕೆಯನ್ನು ಕಿಟಕಿಯಾಚೆ ಉಗಿದು ಮಾತಾಡಬಹುದಿತ್ತು. ಉಗಿಯಲಿಲ್ಲ.

ಗಿರಿಜಮ್ಮ ಮತ್ತೆ ಸ್ಟಾರ್ಟ್ ಮಾಡಿದರು. ಮೊದಲ ಗೇರು. ಕಾಲನ್ನು ನಿಧಾನಕ್ಕೆ ಬಿಡುತ್ತ ಬಂದು ಒಂದು ಕಡೆ ತಡೆದರು. ಇಂಜಿನ್ನಿನ ದನಿ ಕುಗ್ಗಿ ದಪ್ಪಗಾಯಿತು, ಗಾಡಿಯ ಮೂತಿ ಒಂಚೂರು ಮೇಲೆದ್ದಿತು. ಅವರು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕೇಳುತ್ತಿದ್ದರು. ಆಮೇಲೆ ಹ್ಯಾಂಡ್ ಬ್ರೇಕ್ ಬಿಟ್ಟರು. ಗಾಡಿ ಮುಂದಕ್ಕೆ ಹೋಯಿತು. ಎರಡಕ್ಕೆ ಹಾಕಿದರು, ಯಾರೂ ಹೇಳಲಿಲ್ಲ.

ಮೇಲೆ ಸಮತಟ್ಟು ಸಿಕ್ಕಲ್ಲಿ ನಿಲ್ಲಿಸಿದೆವು. ಶಿವಣ್ಣ ಇಳಿದು ಉಗಿದು, ಬಾಟಲಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿ ಬಂದರು. ಗೇರಿನ ಮಾತು ಬರುತ್ತದೆ ಎಂದು ನಾವಿಬ್ಬರೂ ಕಾದೆವು.

"ಎದುರಿಗೆ ಏನ್ ಕಾಣ್ತೈತೆ ಗಿರಿಜ?" ಎಂದು ಕೇಳಿದರು.

ಗಿರಿಜಮ್ಮ ಸುತ್ತ ಕಣ್ಣು ಹಾಯಿಸಿದರು. "ಬೆಟ್ಟ ಐತೆ. ಅರ್ಧ ಮೋಡ ಮುಚ್ಕೊಂಡೈತೆ. ಕೆಳಗೆ ಕೆರೇಲಿ ಒಬ್ಬ ಎಮ್ಮೆ ತೊಳೀತಾವ್ನೆ. ಕೆಂಪು ಹಂಚಿನ ಹೊಸ ಮನೆ ಎದ್ದೈತೆ."

"ಯಾವ ಕಡೆಗೆ? ಆಲದ ಮರದ ಹತ್ರಾನಾ?"

"ಆಲದ ಮರ ಇಲ್ಲ ಈಗ."

"ಕಡಿದ್ಬಿಟ್ರಾ? ಅಲ್ಲೇ ಕಣೇ ನಾನು ರೇಡಿಯೇಟರ್‌ಗೆ ನೀರು ಹಾಕ್ತಿದ್ದಿದ್ದು" ಎಂದು ಅವರು ಆ ಮರದ ಕಥೆ ಶುರು ಮಾಡಿದರು. ವಾಪಸು ಬರುವಾಗ ಎಲೆ ಅಡಿಕೆ ಬೇಕಾಗಲಿಲ್ಲ. ದಾರಿಯಲ್ಲಿ ಕಂಡದ್ದನ್ನು ಗಿರಿಜಮ್ಮ ಹೇಳುವರು, ಅಲ್ಲಿ ಮೊದಲು ಏನಿತ್ತು ಎಂದು ಶಿವಣ್ಣ ಹೇಳುವರು. ಮಾತಿನ ನಡುವೆ ಗಿರಿಜಮ್ಮನ ಕೈ ತಾನಾಗಿ ಗೇರ್ ಬದಲಿಸುತ್ತಿತ್ತು. ಎಡಗಡೆ ಸೀಟಿನಲ್ಲಿ ನನಗೆ ಕೆಲಸವೇ ಇರಲಿಲ್ಲ.

ಪರೀಕ್ಷೆಯ ದಿನ ಶಿವಣ್ಣನೂ ನಾನೂ ಆರ್‌ಟಿಒ ಆಫೀಸಿನ ಗೇಟಿನ ಹೊರಗೆ ನಿಂತಿದ್ದೆವು. ಗಾಡಿ ಇನ್ಸ್‌ಪೆಕ್ಟರನ್ನು ಕೂರಿಸಿಕೊಂಡು ಕಟ್ಟಡದ ಹಿಂಭಾಗಕ್ಕೆ ಹೋಯಿತು. ನನಗೆ ಗೋಡೆ ಬಿಟ್ಟರೆ ಏನೂ ಕಾಣದು. ಶಿವಣ್ಣ ತಲೆ ತಗ್ಗಿಸಿ ನಿಂತು ಮೆಲ್ಲಗೆ ಹೇಳತೊಡಗಿದರು.

"ಎರಡಕ್ಕೆ ಬಂದ್ಲು... ತಿರುಗಿಸ್ಕೊಂಡ್ಲು... ಹೋಯ್ತು, ಆಫ್ ಆಯ್ತು ಮೇಡಂ."

ನಾನು ಅವರ ತೋಳು ಹಿಡಿದುಕೊಂಡೆ.

"ತಡೀರಿ. ಸ್ಟಾರ್ಟ್ ಮಾಡಿದ್ಲು. ಗಡಿಬಿಡಿ ಇಲ್ಲ. ರಿವರ್ಸ್ ಹಾಕಿದ್ಲು... ಹಾಫ್ ಕ್ಲಚ್ಚಲ್ಲಿ ಹಿಡಿದಿದಾಳೆ, ಚೆನ್ನಾಗಿ ಹಿಡಿದಿದಾಳೆ... ನಿಂತ್ಲು."

ಗಾಡಿ ಗೋಡೆಯ ಮರೆಯಿಂದ ಹೊರಬಂದಾಗ ಗಿರಿಜಮ್ಮನ ಮುಖ ನೋಡಿದೆ. ಪಾಸಾಯಿತು ಎಂದು ನಾನು ಹೇಳುವ ಮೊದಲೇ ಶಿವಣ್ಣ ಪಂಚೆಯ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಚೈತ್ರಾ, ಈಗ ಗೇರಿಲ್ಲದ ಗಾಡಿಗಳು ಬಂದಿವೆ. "ಕ್ಲಚ್ ಯಾಕೆ ಕಲೀಬೇಕು ಮೇಡಂ?" ಎಂದು ನಿನ್ನನ್ನೂ ಕೇಳುತ್ತಾರೆ. ಅವರ ಮೇಲೆ ಸಿಟ್ಟು ಮಾಡಬೇಡ. ಮೊಣಕಾಲು ನೋವು ಬಂದ ಮೇಲೆ ನಾನೇ ಅಂಥ ಗಾಡಿ ತೆಗೆದುಕೊಂಡಿದ್ದೇನೆ, ಸುಖವಾಗಿದೆ. ಗೇರು ಇರಲಿ ಬಿಡಲಿ, ಕಲಿಯಲು ಬರುವವರ ಜೊತೆ ಅವರ ಮನೆಯೂ ಹಿಂದಿನ ಸೀಟಿನಲ್ಲಿ ಬಂದು ಕೂರುತ್ತದೆ. ಅದನ್ನು ಇಳಿಸಿಬಿಡಬೇಕು ಎಂದು ನಾನು ಮೊದಲು ತಿಳಿದಿದ್ದೆ. ಇಳಿಸಲು ಆಗುವುದಿಲ್ಲ. ಹೇಗೆ ಕೂರಿಸಿಕೊಳ್ಳಬೇಕು ಎಂಬುದನ್ನೂ ಹೇಳಿಕೊಡಬೇಕಾಗುತ್ತದೆ. ಅದಕ್ಕೆ ಯಾವ ಪೆಡಲೂ ಇಲ್ಲ. ನನಗೂ ಎಲ್ಲ ಸಲ ಆಗಲಿಲ್ಲ. ಅತ್ತು ಎದ್ದುಹೋದವರು ಮತ್ತೆ ಬರಲಿಲ್ಲ, ಅವರ ಹೆಸರುಗಳೂ ನೆನಪಿವೆ.

ಕೆಲಸ ಬಿಡುವ ಸ್ವಲ್ಪ ಮುಂಚೆ ಕಡೂರಿಗೆ ಹೋಗಿದ್ದೆ. ಪೇಟೆಯಲ್ಲಿ ಒಂದು ದಿನಸಿ ಅಂಗಡಿಯ ಮುಂದೆ ಗಿರಿಜಮ್ಮನ ಕಾರು ನಿಂತಿತ್ತು. ಅವರು ಡಿಕ್ಕಿಯಿಂದ ಹಪ್ಪಳದ ಡಬ್ಬಗಳನ್ನು ಇಳಿಸಿ ಅಂಗಡಿಯವನಿಗೆ ಕೊಡುತ್ತಿದ್ದರು. ನನ್ನನ್ನು ಕಂಡು ಓಡಿ ಬಂದು ಕೈ ಹಿಡಿದರು. ಮುಂದಿನ ಸೀಟಿನಲ್ಲಿ ಶಿವಣ್ಣ ತಲೆಯನ್ನು ಹಿಂದಕ್ಕೆ ಒರಗಿಸಿ, ಬಾಯಿ ಅರ್ಧ ತೆರೆದು ನಿದ್ದೆ ಮಾಡುತ್ತಿದ್ದರು.

"ಎಬ್ಬಿಸ್ತೀನಿ ತಡೀರಿ" ಎಂದರು.

"ಬೇಡ ಬೇಡ. ಹುಷಾರಿಲ್ವಾ?"

"ಹುಷಾರಾಗವ್ರೆ. ದಿನಾ ಹಿಂಗೇ ಮೇಡಂ. ಮದುವೆ ಆದಾಗಿಂದ ನೋಡಿದೀನಿ, ಬೇರೆಯವರು ಓಡಿಸೋ ಗಾಡೀಲಿ ಕಣ್ಣು ಮುಚ್ಚಿದೋರೇ ಅಲ್ಲ. ದಿಬ್ಬಣದ ಬಸ್ಸಲ್ಲೂ ಡ್ರೈವರ್ ಹಿಂದೇನೇ ಎಚ್ಚರವಾಗಿ ಕೂತಿರೋರು. ಈಗ ನೋಡಿ, ಊರು ದಾಟೋಕ್ಮುಂಚೆ ನಿದ್ದೆ ಬಂದ್ಬಿಡುತ್ತೆ. ದಾರೀಲಿ ಏನೇನು ಕಾಣ್ತು ಅಂತ ಎದ್ಮೇಲೆ ಹೇಳ್ಬೇಕು."

ವಾಪಸು ಹೋಗುವ ದಾರಿಯಲ್ಲಿ ಗಿರಿಜಮ್ಮ ಬೀರೂರಿನ ಅಂಗಡಿಗೂ ಹೋಗಬೇಕಿತ್ತು. ಅವರು ಸದ್ದಾಗದಂತೆ ಬಾಗಿಲು ಹಾಕಿಕೊಂಡು ಗಾಡಿ ಸ್ಟಾರ್ಟ್ ಮಾಡಿ ನನ್ನತ್ತ ತಲೆಯಾಡಿಸಿದರು. ಇಷ್ಟು ವರ್ಷದ ಅಭ್ಯಾಸ, ನನ್ನ ಕಿವಿ ತಾನಾಗಿ ಕ್ಲಚ್ಚಿನ ಕಡೆ ಹೋಯಿತು. ಗಾಡಿ ಹೊರಟಿತು. ಶಿವಣ್ಣನ ತಲೆ ಅಲುಗಲಿಲ್ಲ.